ಸೀರಿಯಲ್ ಬರೆಯಲು ಹೊರಟ ಗೆಳೆಯನಿಗೆ

ಗೌರಿಬಿದನೂರು

ಗೆಳೆಯಾ,

ಕೆಲಸ ಬಿಟ್ಟು ಸೀರಿಯಲ್ ಬರೆಯುತ್ತೇನೆ, ಕೈಗೂಡಿದರೆ ನಾನೇ ಪ್ರೊಡ್ಯೂಸ್ ಮಾಡುತ್ತೇನೆ ಅಂತ ಬರೆದಿದ್ದೀಯ. ಬರೆಯೋದಕ್ಕೆ ನನ್ನ ಅಡ್ಡಿಯಿಲ್ಲ. ಪ್ರೊಡ್ಯೂಸರ್ ಆಗೋ ಮಾತು ಮಾತ್ರ ಸದ್ಯಕ್ಕೆ ಬದಿಗಿಡು.

ನಮ್ಮ ಕಡೆಯವರೇ ಆದ ಟಿ.ಎನ್. ಸೀತಾರಾಮ್ ಅವರನ್ನು ನೋಡು. ಕಾನೂನು ಓದಿದವರು. ರಂಗಭೂಮಿಗೆ ‘ಆಸ್ಫೋಟ’, ‘ನಮ್ಮೊಳಗೊಬ್ಬ ನಾಜೂಕಯ್ಯ’ ನಾಟಕ ಬರೆದವರು. 1998ರಲ್ಲಿ ದೂರದರ್ಶನದಲ್ಲಿ ‘ಮಾಯಾಮೃಗ’ ಬರುವಾಗ ವಯಸ್ಸು ಐವತ್ತರ ಹತ್ತಿರ. ಅದನ್ನೂ ಒಬ್ಬರೇ ಹೊತ್ತುಕೊಳ್ಳಲಿಲ್ಲ, ಪಿ. ಶೇಷಾದ್ರಿ, ನಾಗೇಂದ್ರ ಶಾ ಜೊತೆ ಸೇರಿ ನಿರ್ದೇಶಿಸಿದರು. ಆಮೇಲೆ ‘ಮನ್ವಂತರ’, ‘ಮುಕ್ತ’, 2018ರಲ್ಲಿ ‘ಮಗಳು ಜಾನಕಿ’.

ಸೀರಿಯಲ್‌ನಲ್ಲಿ ಅವರೇ ಮಾಡಿದ ಲಾಯರ್ ಪಾತ್ರ, ಕರಿಕೋಟಿನ ಸಿ.ಎಸ್.ಪಿ., ಪಾಟೀಸವಾಲಿಗೆ ಎದ್ದು ನಿಂತರೆ ನಮ್ಮನೆಯಲ್ಲಿ ಕುಕ್ಕರ್ ಕೂಗಿದರೂ ಯಾರೂ ಏಳುತ್ತಿರಲಿಲ್ಲ. ಕೂಗಾಟವಿಲ್ಲ, ಮೇಜು ಗುದ್ದೋದಿಲ್ಲ. ಸಾಕ್ಷಿ ಆಗಲೇ ಹೇಳಿದ್ದನ್ನು ಇನ್ನೊಂದು ಕಡೆಯಿಂದ ಮೆಲ್ಲಗೆ ಕೇಳುತ್ತಾರೆ, ಅವನು ತಡವರಿಸುತ್ತಾನೆ. ಕೋರ್ಟು ಗೊತ್ತಿದ್ದವರಿಗೆ ಮಾತ್ರ ಬರೋ ಬರವಣಿಗೆ ಅದು. (ಕೆಲವು ವಾರ ಕೇಸು ಜಾಸ್ತಿ ಎಳೆಯುತ್ತಿತ್ತು, ಅದು ಬೇರೆ ಮಾತು.)

ಈಗ ದುಡ್ಡಿನ ವಿಷಯ. ಆಗ ದೂರದರ್ಶನದ ಪ್ರಾಯೋಜಿತ ಧಾರಾವಾಹಿ ಅಂದರೆ ಪ್ರಸಾರಕ್ಕೆ ನಿರ್ಮಾಪಕರೇ ಶುಲ್ಕ ಕಟ್ಟಬೇಕಿತ್ತು. ಬದಲಿಗೆ ಸಿಗುವ ಜಾಹೀರಾತಿನ ಸೆಕೆಂಡುಗಳನ್ನು ತಾವೇ ಮಾರಿಕೊಳ್ಳಬೇಕಿತ್ತು. ಈಗ ಖಾಸಗಿ ಚಾನೆಲ್‌ಗಳು ಎಪಿಸೋಡಿಗೆ ಇಷ್ಟು ಅಂತ ಕೊಡುತ್ತವೆ. ಆದರೆ ಬಿಲ್ ಪಾಸಾಗುವ ತನಕ ಶೂಟಿಂಗ್ ಮನೆಯ ಬಾಡಿಗೆ, ಕಲಾವಿದರ ಪೇಮೆಂಟು, ಯೂನಿಟ್ಟಿನ ಊಟ ಕಾಯುತ್ತವಾ? ಗುರುವಾರ ಬರುವ ಟಿಆರ್‌ಪಿ, ಅಂದರೆ ಎಷ್ಟು ಜನ ನೋಡಿದರು ಅನ್ನೋ ಲೆಕ್ಕ, ಬಿದ್ದಿತೋ, ತಲೆ ಕೆಡಿಸಿಕೊಂಡು ಕಟ್ಟಿದ ಕಥೆಯ ಟ್ರ್ಯಾಕನ್ನೇ ತಿರುಗಿಸು ಅನ್ನುತ್ತಾರೆ. ರೈಟರ್ ಆಗಿ ನೀನು ರಾತ್ರಿ ಮಳೆ ಸೀನು ಬರೆಯುತ್ತೀಯ. ಟ್ಯಾಂಕರ್ ನೀರಿನ ಬಿಲ್ಲು ನೆನೆದು, ಪ್ರೊಡ್ಯೂಸರ್ ಆಗಿ ನೀನೇ ಬೆಳಿಗ್ಗೆ ಅದನ್ನು ಹೊಡೆದು ಹಾಕುತ್ತೀಯ.

ಕಥೆಗೆ ಬೆಂಗಳೂರಿಗೇ ಹೋಗಬೇಕಿಲ್ಲ ಕಣೋ. ಇಲ್ಲಿ ಕೋರ್ಟ್ ಹತ್ತಿರ ಒಂದು ಬೆಳಿಗ್ಗೆ ಸುಮ್ನೆ ಕೂತು ನೋಡು. ಅಣ್ಣತಮ್ಮಂದಿರು ಭಾಗದ ಪತ್ರ ಬರೆಸಲು ಬಂದಿರುತ್ತಾರೆ. ಕನ್ನಡದಲ್ಲಿ ಶುರುವಾದ ಜಗಳ ಸಿಟ್ಟು ಏರಿದಂತೆ ತೆಲುಗಿಗೆ ತಿರುಗುತ್ತದೆ. ಬೋರ್‌ವೆಲ್ ಯಾರ ಪಾಲಿಗೆ ಅನ್ನುವಲ್ಲಿಗೆ ಬಂದಾಗ, ಅಲ್ಲಿತನಕ ಸುಮ್ಮನಿದ್ದ ತಾಯಿ ಬಾಯಿ ತೆರೆಯುತ್ತಾಳೆ. ಆ ತಾಯಿ ಏನಂದಳು ಅನ್ನೋದನ್ನು ನೀನು ಬರೆ. ಒಂದು ವಾರಕ್ಕಾಗುವಷ್ಟು ಎಪಿಸೋಡುಗಳಿಗೆ ಡೈಲಾಗ್ ಸಮೇತ ಬರೆದು ನನಗೆ ಕಳಿಸು.

ಯಾರಾದರೂ ಅಡ್ವಾನ್ಸ್ ಕೊಡುವ ತನಕ ರಾಜೀನಾಮೆ ಕೊಡಬೇಡ. ಅತ್ತಿಗೆಗೂ ಇದನ್ನು ಓದಿಸು.

ನಿನ್ನವನು