ಸೀನನಿಗೆ, 2026ರ ಡ್ರಾಫ್ಟ್‌ಗೆ ಎರಡು ದಿನ ಮುಂಚೆ

ಸೀನ,

ಹೇಗಿದ್ದೀಯ? ಮನೆಯಲ್ಲಿ ಎಲ್ಲರೂ ಆರಾಮಾ? ಈ ಕಾಗದ ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ಏಪ್ರಿಲ್ ಬಂತು ಅಂದರೆ ನಾವು ಕಿತ್ತಾಡುವುದು ಎಲ್ಲರ ಮುಂದೆಯೇ ಅಲ್ವಾ? ಇದೂ ಎಲ್ಲರ ಮುಂದೆಯೇ ಇರಲಿ.

ಗುರುವಾರ ಪಿಟ್ಸ್‌ಬರ್ಗ್‌ನಲ್ಲಿ ಡ್ರಾಫ್ಟ್ ಶುರು. ನಿನಗೆ ಮೈಸೂರಲ್ಲಿ ಶುಕ್ರವಾರ ಬೆಳಗಿನ 5:30. ಅಲಾರಂ ಇಟ್ಟಾಗಿರುತ್ತದೆ, ಗೊತ್ತು. ನನಗೆ ಈ ಸಲ ನಮ್ಮ ತಂಡಕ್ಕೆ ಒಬ್ಬ ಟ್ಯಾಕಲ್ ಬೇಕು, ಎದುರಾಳಿಗಳನ್ನು ತಡೆದು ನಿಲ್ಲಿಸುವವನು. ನಮ್ಮ ಟ್ಯಾಕಲ್ ಟ್ರೆಂಟ್ ವಿಲಿಯಮ್ಸ್‌ಗೆ 37 ತುಂಬಿದೆ. ನೀನು ರಿಸೀವರ್, ಪಾಸ್ ಹಿಡಿಯುವವನು ಬೇಕು ಅಂತೀಯ. ಆ ಜಗಳ ಆಮೇಲೆ ಆಡೋಣ.

ಓದುವ ಮಿಕ್ಕವರಿಗೆ ಒಂದೆರಡು ಮಾತು. ಇದು ಅಮೆರಿಕದ ಫುಟ್‌ಬಾಲ್, ಚೆಂಡು ಕೈಯಲ್ಲಿ ಹಿಡಿದು ಓಡುವ ಆಟ. ಕಾಲೇಜು ತಂಡಗಳಿಂದ ಬರುವ ಹುಡುಗರನ್ನು 32 ತಂಡಗಳು ಏಳು ಸುತ್ತಿನಲ್ಲಿ ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ. ಅದೇ ಡ್ರಾಫ್ಟ್. ಐಪಿಎಲ್ ಹರಾಜಿನ ಹಾಗೆ ದುಡ್ಡು ಕೂಗುವುದಿಲ್ಲ. ಹಿಂದಿನ ಸೀಸನ್‌ನಲ್ಲಿ ಯಾರು ಎಲ್ಲರಿಗಿಂತ ಜಾಸ್ತಿ ಸೋತರೋ ಅವರಿಗೆ ಮೊದಲ ಸರದಿ. ಅದಕ್ಕೂ ಮುಂಚೆ ಇಂಡಿಯಾನಾಪೊಲಿಸ್‌ನಲ್ಲಿ ಹುಡುಗರ ಎತ್ತರ, ತೂಕ ಅಳೆಯುತ್ತಾರೆ. ಗೇಣು ಎಷ್ಟು ಇಂಚು ಅಂತ ಕೂಡ ಅಳೆಯುತ್ತಾರೆ. 40 ಗಜ ಓಡಿಸಿ ಸೆಕೆಂಡಿನ ನೂರನೇ ಭಾಗದವರೆಗೆ ಬರೆದಿಡುತ್ತಾರೆ. ಆ ಲೆಕ್ಕ ಹಿಡಿದುಕೊಂಡು ನಾನೂ ಸೀನನೂ ವರ್ಷವಿಡೀ ಜಗಳ ಆಡುತ್ತೇವೆ. ನಮ್ಮದು ಸ್ಯಾನ್ ಫ್ರಾನ್ಸಿಸ್ಕೋ 49ಅರ್ಸ್ ತಂಡ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಶನಿವಾರ ಹೊಸ ಫೋನ್ ತಗೊಂಡೆ. ಹಳೆಯದರಲ್ಲಿದ್ದ ವಾಟ್ಸಾಪ್ ಎಲ್ಲ ಇದಕ್ಕೆ ಬಂತು. ಹಳೇ ಫೋಟೊ ಒಂದನ್ನು ಹುಡುಕುತ್ತಾ ಹುಡುಕುತ್ತಾ 2021ರ ಏಪ್ರಿಲ್‌ಗೆ ಹೋಗಿಬಿಟ್ಟೆ.

ನೆನಪಿದೆಯಲ್ಲ ಆ ವರ್ಷ? ನಮ್ಮವರು ಮಯಾಮಿ ತಂಡಕ್ಕೆ ಮೂರು ಫಸ್ಟ್ ರೌಂಡ್ ಪಿಕ್, ಅಂದರೆ ಮೊದಲ ಸುತ್ತಿನ ಸರದಿ, ಸುರಿದು, ಅದರ ಮೇಲೆ ಒಂದು ಥರ್ಡ್ ರೌಂಡ್ ಪಿಕ್ಕನ್ನೂ ಕೊಟ್ಟು, ಮೂರನೇ ಸರದಿ ಕೊಂಡಿದ್ದರು. ಒಬ್ಬ ಕ್ವಾರ್ಟರ್‌ಬ್ಯಾಕ್‌ಗೋಸ್ಕರ, ಚೆಂಡು ಎಸೆದು ಆಟ ನಡೆಸುವವನಿಗೋಸ್ಕರ. ಯಾರು ಅಂತ ಬಾಯಿ ಬಿಡಲಿಲ್ಲ. ಮ್ಯಾಕ್ ಜೋನ್ಸ್ ಅಂತ ಟಿ.ವಿ.ಯವರು. ಜಸ್ಟಿನ್ ಫೀಲ್ಡ್ಸ್ ಅಂತ ನಾನು. ನೀನು ಮಾತ್ರ ಮೊದಲ ದಿನದಿಂದ ಟ್ರೇ ಲ್ಯಾನ್ಸ್, ಟ್ರೇ ಲ್ಯಾನ್ಸ್. ನಾರ್ತ್ ಡಕೋಟ ಸ್ಟೇಟ್‌ನ ಹುಡುಗ. 2019ರಲ್ಲಿ ಅಂಕ ತಂದ ಟಚ್‌ಡೌನ್ ಪಾಸ್ 28, ಎದುರಾಳಿ ಕೈಗೆ ಹೋದದ್ದು, ಅಂದರೆ ಇಂಟರ್‌ಸೆಪ್ಶನ್, ಒಂದೇ ಒಂದೂ ಇಲ್ಲ. ಆದರೆ ಪೂರ್ತಿ ಆಡಿದ್ದು ಆ ಒಂದೇ ಸೀಸನ್. 2020ರಲ್ಲಿ ಕೋವಿಡ್‌ನಿಂದಾಗಿ ಒಂದೇ ಪಂದ್ಯ. ಕೂಸು ಹುಟ್ಟೋ ಮುಂಚೆ ಕುಲಾವಿ ಅಂತ ನಾನು ನಿನಗೆ ಎಷ್ಟು ಸಲ ಬರೆದಿದ್ದೇನೋ.

ಏಪ್ರಿಲ್ 30ರ ಬೆಳಗ್ಗೆ, ನಿನ್ನ ಸಮಯ, ನಮ್ಮ ಚಾಟ್ ಹೀಗಿದೆ.

ನೀನು, 5:12. "ಸ್ಯಾಚುರೇಶನ್ 84 ಅಂತೆ. ಒಳಗೆ ಬಿಡ್ತಾ ಇಲ್ಲ. ಕಾರಲ್ಲೇ ಇದೀನಿ."

ನಾನು, 5:14. "ಏನೂ ಆಗಲ್ಲ ಕಣೋ."

ನಾನು, 5:15. "ಮ್ಯಾಕ್ ಜೋನ್ಸ್ ತಗೊಂಡ್ರೆ ಟಿ.ವಿ. ಒಡೆದು ಹಾಕ್ತೀನಿ."

ಒಂದೇ ನಿಮಿಷ ಸೀನ. ನಡುವೆ ಒಂದೇ ನಿಮಿಷ. ನಾನು ಅಡುಗೆಮನೆಯಲ್ಲಿ ನಿಂತು ಅದನ್ನು ಎಷ್ಟು ಸಲ ಓದಿದೆನೋ.

ಆರರ ಸುಮಾರಿಗೆ ಲ್ಯಾನ್ಸ್ ಹೆಸರು ಕೂಗಿದರು. "ಲ್ಯಾನ್ಸ್!!! ಹೇಳ್ಲಿಲ್ವಾ!" ಅಂತ ಬರೆದಿದ್ದೀಯ. ಲಾಕ್‌ಡೌನ್‌ನ ಆ ಖಾಲಿ ರಸ್ತೆಯಲ್ಲಿ, ಆಸ್ಪತ್ರೆ ಗೇಟಿನ ಎದುರು, ಕಾರಿನೊಳಗೆ ಕೂತು. ಅದಕ್ಕೆ ನಾನು ಸಾಲಾಗಿ 14 ಮೆಸೇಜ್ ಕಳಿಸಿದ್ದೇನೆ. ಎಣಿಸಿದೆ. ಹದಿನಾಲ್ಕೂ ಫೀಲ್ಡ್ಸ್ ಬಗ್ಗೆ. ಅಪ್ಪ ಹೇಗಿದ್ದಾರೆ ಅಂತ ಒಂದೂ ಇಲ್ಲ. ಆಮೇಲೆ ಎರಡನೇ ದಿನ ಮಧ್ಯಾಹ್ನ ನಿನ್ನದು ಎರಡೇ ಪದ. "ಅಪ್ಪ ಹೋದ್ರು."

ನಿಜ ಹೇಳುತ್ತೇನೆ. ಆಗ ಅದು ನಿನಗೆ ಧೈರ್ಯ ತುಂಬುವ ದಾರಿ, ಮನಸ್ಸು ಬೇರೆ ಕಡೆ ತಿರುಗಲಿ ಅಂತ ಮಾಡಿದೆ ಅಂದುಕೊಂಡಿದ್ದೆ. ಹಾಗಲ್ಲ. ನನಗೆ ಭಯ ಆಗಿತ್ತು. ನಂಜನಗೂಡಿನಲ್ಲಿ ನಮ್ಮಪ್ಪನೂ ಒಬ್ಬರೇ ಇದ್ದರು. ನಿಮ್ಮಪ್ಪನ ಮಾತು ಎತ್ತಿದರೆ ನಮ್ಮಪ್ಪನ ಯೋಚನೆ ಮಾಡಬೇಕಾಗುತ್ತಿತ್ತು. ಅದಕ್ಕೆ ಲ್ಯಾನ್ಸ್ ಹಿಂದೆ ಅಡಗಿಕೊಂಡೆ. 20 ವರ್ಷದ ಹುಡುಗ ಪಾಪ, ಅವನಿಗೇನು ಗೊತ್ತು.

ನಿಮ್ಮಪ್ಪ, ನಮ್ಮ ಮೇಷ್ಟ್ರು, ಹಾಗೆ ಇರಲಿಲ್ಲ. 2005ರಲ್ಲಿ ನಿಮ್ಮಪ್ಪ ಅಮ್ಮ ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಬಂದಿದ್ದರಲ್ಲ, ಆಗ ನಾವಿಬ್ಬರೂ ಒಂದೇ ಮನೆ, ಆ ಹರಿದ ಕಂದು ಸೋಫಾ. 2004ರಲ್ಲಿ 14 ಪಂದ್ಯ ಸೋತು ಮೊದಲ ಸರದಿ ನಮ್ಮದೇ ಆಗಿತ್ತು. ಅಲೆಕ್ಸ್ ಸ್ಮಿತ್ ಅಂತ ನೀನು, ಆರನ್ ರಾಜರ್ಸ್ ಅಂತ ನಾನು, ಇಬ್ಬರೂ ಗಂಟಲು ಹರಿದುಕೊಳ್ಳುತ್ತಿದ್ದೆವು. ಸ್ಮಿತ್ ಬಂದ. ರಾಜರ್ಸ್ ಬರ್ಕ್ಲಿಯಲ್ಲಿ ಓದಿದವನು, ಚಿಕ್ಕಂದಿನಿಂದ ನಮ್ಮ ತಂಡದ ಅಭಿಮಾನಿ. ಅವನು ನ್ಯೂಯಾರ್ಕ್‌ನಲ್ಲಿ, ಹುಡುಗರು ತಮ್ಮ ಹೆಸರಿಗೆ ಕಾಯುವ ಆ ಗ್ರೀನ್ ರೂಮಿನಲ್ಲಿ ಕೂತೇ ಇದ್ದ. ಸುತ್ತಲಿನ ಮೇಜುಗಳು ಒಂದೊಂದಾಗಿ ಖಾಲಿಯಾದವು. ಕ್ಯಾಮೆರಾ ಮತ್ತೆ ಮತ್ತೆ ಅವನ ಮುಖಕ್ಕೇ ಹೋಗುತ್ತಿತ್ತು. ನಾಲ್ಕು ಗಂಟೆಗೂ ಜಾಸ್ತಿ. ಕೊನೆಗೆ 24ನೇ ಸರದಿಗೆ ಗ್ರೀನ್ ಬೇ ತಂಡ ಕರೆಯಿತು. ಅಷ್ಟು ಹೊತ್ತೂ ನಾವು ಅವನ ಬೆಲೆ ಎಷ್ಟು ಇಳಿಯಿತು ಅಂತ ಮಾತಾಡುತ್ತಾ ಕೂತಿದ್ದೆವು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಕೇಳಿದ್ದು ಒಂದೇ. "ಆ ಹುಡುಗಂದು ಊಟ ಆಯ್ತೇನ್ರೋ?"

ನಾವು ನಕ್ಕೆವು. ನಿಮ್ಮಮ್ಮ ನಗಲಿಲ್ಲ.

ಅವರು ಸ್ಕೂಲಿನಲ್ಲಿ ಖೋ ಖೋ ತಂಡ ಆರಿಸುವಾಗಲೂ ಹಾಗೇ ಅಲ್ವಾ? ಹನ್ನೆರಡು ಜನರ ಹೆಸರು ಓದಿ, ಉಳಿದವರನ್ನು ಮನೆಗೆ ಕಳಿಸುತ್ತಿರಲಿಲ್ಲ. ಎಲ್ಲರನ್ನೂ ಹುಣಸೆಮರದ ಕೆಳಗೆ ಕೂರಿಸಿ ಕಡಲೆಕಾಯಿ, ಬೆಲ್ಲ ಕೊಡುತ್ತಿದ್ದರು. ಹೆಸರು ಬಾರದವರಿಗೆ ಮೊದಲು. ಬೆಲ್ಲದ ಅಚ್ಚನ್ನು ಸೀಟಿಯ ಹಿಂಬದಿಯಿಂದ ಕುಟ್ಟಿ ಒಡೆಯುತ್ತಿದ್ದರು. ಆ ಸೀಟಿ ಯಾವಾಗಲೂ ಅಂಟಂಟು. ಎಂಟನೇ ಕ್ಲಾಸಿನಲ್ಲಿ ನನ್ನ ಕೈಗೆ ಮೊದಲು ಹಾಕಿದ್ದರು. ನಿನ್ನ ಹೆಸರು ಪಟ್ಟಿಯಲ್ಲಿತ್ತು.

ಇನ್ನೂ ಒಂದು ಇದೆ. ಇದನ್ನು ಬರೆಯುತ್ತೇನೆ ಅಂದುಕೊಂಡಿರಲಿಲ್ಲ. 2022ರ ಸೆಪ್ಟೆಂಬರ್ 18, ಸಿಯಾಟಲ್ ಮೇಲಿನ ಪಂದ್ಯ. ನಾನು ನಮ್ಮ ತಂಡದ ಲೀವೈಸ್ ಸ್ಟೇಡಿಯಂನಲ್ಲೇ ಇದ್ದೆ. ಲ್ಯಾನ್ಸ್ ಚೆಂಡು ಹಿಡಿದು ನುಗ್ಗಿದ, ಜನರ ರಾಶಿಯ ಕೆಳಗೆ ಸಿಕ್ಕಿದ, ಏಳಲಿಲ್ಲ. ಬಲಗಾಲಿನ ಪಾದದ ಕೀಲು ಮುರಿದಿತ್ತು. ಗಾಡಿ ಬಂತು. ತಂಡದವರೆಲ್ಲ ಬಂದು ಸುತ್ತ ನಿಂತರು. ಇಡೀ ಸ್ಟೇಡಿಯಂ ಸದ್ದಡಗಿತ್ತು. ಅಯ್ಯೋ ಅನ್ನಿಸುವ ಮುಂಚೆ, ಎದೆಯೊಳಗೆ ಇನ್ನೊಂದು ಎದ್ದು ಬಂತು ಸೀನ. ಗೆದ್ದೆ ಅನ್ನುವ ಖುಷಿ. ಗಾಡಿ ಒಳಗೆ ಹೋಗುವ ಮುಂಚೆಯೇ ನಿನಗೆ ಕಳಿಸಿದ್ದೆ. "ಹೇಳಿದ್ನಲ್ಲ."

ನಿನಗೆ ಆಗ ರಾತ್ರಿ ಎರಡು ಗಂಟೆ. ನೀನು ಎದ್ದೇ ಇದ್ದೆ. "ಅವರಮ್ಮ ಅಲ್ಲೇ ಎಲ್ಲೋ ಕೂತಿರಬಹುದು ಕಣೋ" ಅಂತ ಬರೆದೆ. ಆಮೇಲೆ ಏಳು ವಾರ ಒಂದೂ ಮೆಸೇಜ್ ಇಲ್ಲ. ಕೆಲಸ ಜಾಸ್ತಿ ಇರಬೇಕು ಅಂದುಕೊಂಡೆ. ಅದು ನಿಮ್ಮಪ್ಪನ ಮಾತು, ನಿನ್ನ ಬಾಯಲ್ಲಿ ಬಂದಿದ್ದು ಅಂತ ತಿಳಿಯೋಕೆ ನನಗೆ ಹೋದ ಶನಿವಾರದವರೆಗೆ ಬೇಕಾಯಿತು.

ಗೆದ್ದಿದ್ದಾದರೂ ಏನು? 2023ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ನನ್ನು ಒಂದು ನಾಲ್ಕನೇ ಸುತ್ತಿನ ಪಿಕ್‌ಗೆ ಡಲ್ಲಾಸ್‌ಗೆ ಕೊಟ್ಟರು. ನನ್ನ ಫೀಲ್ಡ್ಸ್‌ನನ್ನು ಶಿಕಾಗೋದವರು ಅದಕ್ಕಿಂತ ಕಡಿಮೆಗೆ ಬಿಟ್ಟುಕೊಟ್ಟರು. ನಮ್ಮನ್ನು ಸೂಪರ್ ಬೌಲ್ ಅನ್ನುವ ಫೈನಲ್‌ವರೆಗೆ ಕರೆದುಕೊಂಡು ಹೋದವನು ಬ್ರಾಕ್ ಪರ್ಡಿ. 2022ರ ಡ್ರಾಫ್ಟ್‌ನಲ್ಲಿ ಕಟ್ಟಕಡೆಯವನು, 262ನೇ ಹೆಸರು. ಕೊನೆಯವನಿಗೆ ಇಲ್ಲಿ ಮಿಸ್ಟರ್ ಇರ್ರೆಲೆವೆಂಟ್ ಅನ್ನುತ್ತಾರೆ. ನಮ್ಮ ಕಡೆಯ ಆಟಕ್ಕುಂಟು ಲೆಕ್ಕಕ್ಕಿಲ್ಲ. ಚೆಂಡು ಕೈಜಾರುತ್ತಿರುವ ಆಟಗಾರನ ಗೊಂಬೆಯನ್ನೇ ಟ್ರೋಫಿ ಅಂತ ಕೊಡುತ್ತಾರೆ. ಆ ಹುಡುಗ 2025ರಲ್ಲಿ ಐದು ವರ್ಷಕ್ಕೆ 265 ಮಿಲಿಯನ್ ಡಾಲರ್‌ಗೆ ಸಹಿ ಹಾಕಿದ. ಅದೇ ವರ್ಷ ಅವನ ಕಾಲ್ಬೆರಳಿಗೆ ಪೆಟ್ಟಾದಾಗ ನಮ್ಮ ತಂಡವನ್ನು ನಡೆಸಿದ್ದು ಯಾರು? ಮ್ಯಾಕ್ ಜೋನ್ಸ್! ನಾವಿಬ್ಬರೂ ಸೇರಿ ಬೈದವನು. ಟಿ.ವಿ. ಒಡೆಯಲಿಲ್ಲ, ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ಸಾಕು, ಬಹಳ ಆಯಿತು. ನಿಮ್ಮಮ್ಮನಿಗೆ ಇದನ್ನು ಓದಿ ಹೇಳಬೇಡ. ಹೇಳಿದರೂ ಆಸ್ಪತ್ರೆ ಭಾಗ ಬಿಟ್ಟುಬಿಡು, ಕಡಲೆಕಾಯಿ ಭಾಗ ಮಾತ್ರ ಓದು.

ಶುಕ್ರವಾರ ಬೆಳಗ್ಗೆ ಐದೂಕಾಲಿಗೆ ಫೋನ್ ಮಾಡುತ್ತೇನೆ, ಮೆಸೇಜ್ ಅಲ್ಲ. ಕಾಫಿ ಬೆರೆಸಿಕೊಂಡು ಕೂತಿರು. ಮೊದಲು ಮನೆ ಮಾತು, ಆಮೇಲೆ ಟ್ಯಾಕಲ್. ರಿಸೀವರ್ ಅಂದರೆ ಮಾತ್ರ ಬಿಡುವುದಿಲ್ಲ. ಮತ್ತೆ ಆ ಹಸಿರು ಹಿಡಿಯ ಕುಕ್ಕರ್ ನನ್ನದೇ, 2005ರಿಂದ ಹೇಳುತ್ತಲೇ ಇದ್ದೇನೆ.

ನಿನ್ನ,
ಫ್ರೀಮಾಂಟ್‌ನ ಗೆಳೆಯ