ಹೆಬ್ಬೆಟ್ಟು ಇದ್ದರೆ ಒಪ್ಪಿಗೆ ಇತ್ತು ಅಂತಲಾ?

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿ ಮಕ್ಕಳ ಬಗ್ಗೆ ಬಂದ ಲೇಖನ ಓದಿದೆ. ಸರ್ಕಾರವೇ ತಾಯಂದಿರಿಂದ ಕಿತ್ತುಕೊಂಡು ಹೋದ ಮಕ್ಕಳ ಕಥೆ. ಚೆನ್ನಾಗಿಯೇ ಬರೆದಿದ್ದಾರೆ. ಆದರೆ ಒಂದು ವಾಕ್ಯ ಗಂಟಲಲ್ಲಿ ಸಿಕ್ಕಿಕೊಂಡಿದೆ. ‘ಸರ್ಕಾರಿ ದಾಖಲೆಗಳ ಪ್ರಕಾರ ಕೆಲವು ತಾಯಂದಿರು ತಾವೇ ಒಪ್ಪಿ ಮಕ್ಕಳನ್ನು ಕೊಟ್ಟಿದ್ದರು’ ಅಂತ.

ನಾನು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ವರ್ಷಗಟ್ಟಲೆ ಕಡತ ಸುತ್ತಿಟ್ಟ ರುಮಾಲು ಬಿಚ್ಚಿ ಕಟ್ಟಿದವನು. ದಾಖಲೆ ಅಂದರೆ ಏನು ಅಂತ ಸ್ವಲ್ಪ ಗೊತ್ತು. ಅಕ್ಷರ ಬಾರದ ಹೆಂಗಸರು ಬಂದಾಗ ಇಂಕ್ ಪ್ಯಾಡ್ ಮುಂದೆ ತಳ್ಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದೆವು. ಪಕ್ಕದಲ್ಲಿ ‘ಓದಿ ಹೇಳಲಾಗಿ, ಕೇಳಿ ಒಪ್ಪಿರುತ್ತಾರೆ’ ಅಂತ ಬರೆಯುತ್ತಿದ್ದೆವು. ಎಷ್ಟು ಸಲ ನಿಜವಾಗಿ ಓದಿ ಹೇಳಿದೆವು ಅಂತ ಮಾತ್ರ ಕೇಳಬೇಡಿ. ಊಟದ ಹೊತ್ತಾಗಿರುತ್ತಿತ್ತು, ಹೊರಗೆ ಸಾಲು ಇರುತ್ತಿತ್ತು. ಅವರು ಬೆರಳಿನ ಮಸಿಯನ್ನು ನಮ್ಮ ಗೋಡೆಗೋ ತಮ್ಮ ತಲೆಗೂದಲಿಗೋ ಒರೆಸಿಕೊಂಡು ಹೋಗುತ್ತಿದ್ದರು.

ರಿಟೈರ್ ಆದ ಮೇಲೆ ಅಡಿಲೇಡ್‌ನಲ್ಲಿರುವ ಮಗಳ ಮನೆಯಲ್ಲಿ ಆರು ತಿಂಗಳು ಇದ್ದೆ. ಮೊಮ್ಮಗಳಿಗೆ ಶಾಲೆಯಲ್ಲಿ ಇದೇ ವಿಷಯದ ಪ್ರಾಜೆಕ್ಟ್ ಕೊಟ್ಟಿದ್ದರು. ಅವಳಿಗೆ ಸಹಾಯ ಮಾಡೋಣ ಅಂತ ಕೂತವನು ಕೋರ್ಟ್ ತೀರ್ಪುಗಳನ್ನು ಓದುತ್ತಾ ಅಲ್ಲೇ ಮುಳುಗಿಹೋದೆ. ಅವಳ ಪ್ರಾಜೆಕ್ಟ್ ಮುಗಿಯಿತು, ನನ್ನದು ಮುಗಿಯಲಿಲ್ಲ.

ಪೀಟರ್ ಗನ್ನರ್ ಅಂತ ಒಬ್ಬರು. 1956ರಲ್ಲಿ, ಇನ್ನೂ ಪುಟ್ಟ ಹುಡುಗನಾಗಿದ್ದಾಗ, ನಾರ್ದರ್ನ್ ಟೆರಿಟರಿಯಲ್ಲಿ ದನ ಸಾಕುವ ಯುಟೋಪಿಯಾ ಎಂಬ ಜಾಗದಿಂದ ಅವರನ್ನು ಆಲಿಸ್ ಸ್ಪ್ರಿಂಗ್ಸ್‌ನ ಹಾಸ್ಟೆಲ್ಲಿಗೆ ಕರೆದೊಯ್ದರು. ದೊಡ್ಡವರಾದ ಮೇಲೆ ಅವರೂ ಲೋರ್ನಾ ಕುಬಿಲ್ಲೊ ಎಂಬ ಮಹಿಳೆಯೂ ಸೇರಿ ಕೇಂದ್ರ ಸರ್ಕಾರದ ಮೇಲೆ ಕೇಸು ಹಾಕಿದರು. ಆಗ ಕಡತದಿಂದ ಒಂದು ಹಾಳೆ ಹೊರಬಂತು. ಇಂಗ್ಲಿಷಿನಲ್ಲಿದ್ದ ಒಪ್ಪಿಗೆ ಪತ್ರ, ಕೆಳಗೆ ತಾಯಿ ಟಾಪ್ಸಿಯವರದು ಎನ್ನಲಾದ ಹೆಬ್ಬೆಟ್ಟು. ಅದರಲ್ಲಿ ಆ ತಾಯಿ ಏನು ಹೇಳಿದ್ದರು ಗೊತ್ತಾ? ನನ್ನ ಮಗನ ತಂದೆ ಯುರೋಪಿಯನ್, ಅವನ ‘ಕಾಸ್ಟ್’ಗೆ ತಕ್ಕ ಹಾಗೆ ಯುರೋಪಿಯನ್ ಮಟ್ಟದ ಶಿಕ್ಷಣ ಅವನಿಗೆ ಸಿಗಬೇಕು, ಅದನ್ನು ಕೊಡಿಸುವ ಶಕ್ತಿ ನನಗಿಲ್ಲ, ಆದ್ದರಿಂದ ಅವನನ್ನು ಮೂಲನಿವಾಸಿಗಳ ವ್ಯವಹಾರ ನೋಡುವ ಸರ್ಕಾರಿ ಡೈರೆಕ್ಟರರ ವಶಕ್ಕೆ ಕೊಡಬೇಕೆಂದು ಕೇಳುತ್ತೇನೆ. (ಅಲ್ಲಿ ಕಾಸ್ಟ್ ಅಂದರೆ ನಮ್ಮ ಜಾತಿ ಅಲ್ಲ, ಮೈಯಲ್ಲಿ ಬಿಳಿಯರ ರಕ್ತ ಎಷ್ಟು ಪಾಲು ಅನ್ನುವ ಲೆಕ್ಕ.) ಯಾವ ತಾಯಿ ಹೀಗೆ ಮಾತಾಡುತ್ತಾಳೆ ಸ್ವಾಮಿ? ಇದು ಗುಮಾಸ್ತನ ಭಾಷೆ. ಒಂದು ಮೈಲಿ ದೂರದಿಂದಲೇ ನನಗೆ ವಾಸನೆ ಬಡಿಯಿತು.

2000ದಲ್ಲಿ ತೀರ್ಪು ಬಂತು. ಆ ಗುರುತು ಟಾಪ್ಸಿಯವರದೇ ಎಂದು ಹೇಳಲಾಗದು, ಅವರದಲ್ಲ ಎಂದೂ ಹೇಳಲಾಗದು ಅಂದ ನ್ಯಾಯಾಧೀಶರು ಕೊನೆಗೆ ಅದನ್ನು ತಾಯಿಯ ಒಪ್ಪಿಗೆ ಎಂದೇ ಹಿಡಿದರು. ಕೇಸು ಬಿದ್ದುಹೋಯಿತು. ಮೇಲ್ಮನವಿಯೂ ನಿಲ್ಲಲಿಲ್ಲ.

ಈಗ ಇನ್ನೊಂದು ಕಡತ ನೋಡಿ. ಅಡಿಲೇಡ್‌ನಿಂದ ಸುಮಾರು ಎರಡು ಗಂಟೆ ದೂರದ ಮೆನಿಂಗಿ ಎಂಬ ಊರಿನ ಹತ್ತಿರ ಇದ್ದ ಕುಟುಂಬ. 1957ರ ಕ್ರಿಸ್‌ಮಸ್ ದಿನ 13 ತಿಂಗಳ ಕೂಸು ಬ್ರೂಸ್ ಟ್ರೆವೊರೊಗೆ ಹೊಟ್ಟೆ ಕೆಟ್ಟಿತು. ಮನೆಯಲ್ಲಿ ಗಾಡಿ ಇಲ್ಲ, ಅಕ್ಕಪಕ್ಕದವರು ಅಡಿಲೇಡ್‌ನ ಮಕ್ಕಳ ಆಸ್ಪತ್ರೆಗೆ ಸೇರಿಸಿದರು. ಆಸ್ಪತ್ರೆಯ ಚೀಟಿಯಲ್ಲಿ ಯಾರೋ ಬರೆದರು: ತಂದೆತಾಯಿ ಇಲ್ಲ, ಆರೈಕೆ ಇಲ್ಲದ ಮಗು. ಎರಡೂ ಸುಳ್ಳು. ಎರಡು ವಾರ ತುಂಬುವ ಮೊದಲೇ ಮೂಲನಿವಾಸಿಗಳ ರಕ್ಷಣೆಗೆಂದೇ ಇದ್ದ ಮಂಡಳಿ ಮಗುವನ್ನು ಬೇರೊಂದು ಮನೆಗೆ ಸಾಕಲು ಕೊಟ್ಟಿತು. ಸಾಕುವವರು ಬೇಕಾಗಿದ್ದಾರೆ ಅಂತ ಪತ್ರಿಕೆಯಲ್ಲಿ ಬಂದ ಜಾಹೀರಾತು ನೋಡಿ ಬಂದವರಂತೆ ಅವರು!

ತಾಯಿ ಥೋರಾಗೆ ಇದ್ಯಾವುದೂ ಗೊತ್ತಿಲ್ಲ. 1958ರ ಜುಲೈನಲ್ಲಿ ಅವರು ಮಂಡಳಿಗೆ ಕಾಗದ ಬರೆದರು. ಪಾಪು ಹೇಗಿದ್ದಾನೆ, ಮನೆಗೆ ಕರೆದುಕೊಂಡು ಬರಲು ಇನ್ನೆಷ್ಟು ದಿನ ಬೇಕು, ಅಷ್ಟೇ ಪ್ರಶ್ನೆ. ಮಂಡಳಿ ಉತ್ತರ ಬರೆಯಿತು: ಚೇತರಿಸಿಕೊಳ್ಳುತ್ತಿದ್ದಾನೆ, ಆದರೆ ಮನೆಗೆ ಕಳಿಸುವಷ್ಟು ಗುಣವಾಗಿಲ್ಲ ಅಂತ ಡಾಕ್ಟರು ಹೇಳುತ್ತಾರೆ. ಆ ಹೊತ್ತಿಗೆ ಮಗು ಆಸ್ಪತ್ರೆ ಬಿಟ್ಟು ಆರು ತಿಂಗಳ ಮೇಲಾಗಿತ್ತು. ತಾಯಿಯ ಕಾಗದ, ಮಂಡಳಿಯ ಉತ್ತರದ ನಕಲು, ಎರಡೂ ಕಡತದಲ್ಲೇ ಉಳಿದವು. ಒಪ್ಪಿಗೆ ಇಲ್ಲದೆ ಹೀಗೆ ಮಕ್ಕಳನ್ನು ತೆಗೆದುಕೊಳ್ಳುವ ಅಧಿಕಾರ ನಿಮಗಿಲ್ಲ ಅಂತ ಸರ್ಕಾರಿ ವಕೀಲರು ಮೊದಲೇ ಕೊಟ್ಟಿದ್ದ ಸಲಹೆಯೂ ದಾಖಲೆಯಲ್ಲಿತ್ತು. ಸರ್ಕಾರದ ಮೇಲೆ ಹಾಕಿದ್ದ ಕೇಸನ್ನು ಬ್ರೂಸ್ 2007ರ ಆಗಸ್ಟ್ 1ರಂದು ಗೆದ್ದರು. ಪರಿಹಾರ 5,25,000 ಡಾಲರ್. ಇಂಥ ಕೇಸಿನಲ್ಲಿ ಗೆದ್ದವರಲ್ಲಿ ಅವರೇ ಮೊದಲಿಗರು. ಮುಂದಿನ ವರ್ಷವೇ ತೀರಿಕೊಂಡರು.

ಎರಡೂ ಸರ್ಕಾರಿ ದಾಖಲೆಯೇ, ಅಲ್ವಾ? ಒಂದರಲ್ಲಿ ತಾಯಿ ಬರೀ ಒಂದು ಮಸಿಯ ಗುರುತು. ಇನ್ನೊಂದರಲ್ಲಿ ಆಕೆಯೇ ಕೇಳುತ್ತಿದ್ದಾರೆ. ವಿಕ್ಟೋರಿಯಾ ರಾಜ್ಯದ ಹಳೆಯ ಕಡತಗಳಲ್ಲೂ 19ನೇ ಶತಮಾನದಿಂದಲೇ ಇಂಥ ಹೆಂಗಸರ ಕಾಗದಗಳು ಬೇಕಾದಷ್ಟಿವೆ. ಮಗಳನ್ನು ಕಳಿಸಿಕೊಡಿ, ರೇಷನ್ ಕೊಡಿ, ನಮ್ಮೂರಿಗೆ ಹೋಗಲು ಬಿಡಿ ಅಂತ. ಹುಡುಕುವವರು ಅಧಿಕಾರಿಯ ಟಿಪ್ಪಣಿ ಓದಿ ಕಡತ ಮುಚ್ಚಿಬಿಟ್ಟರೆ ಅವು ಕಣ್ಣಿಗೇ ಬೀಳುವುದಿಲ್ಲ.

ಹುಡುಕುವುದೂ ಸುಲಭವಲ್ಲ. ಟಾಪ್ಸಿ, ಪಾಲಿ, ನೆಲ್ಲಿ ಅಂತ ಯಜಮಾನರು ಇಟ್ಟ ಹೆಸರಿರುತ್ತದೆ. ನಿಜವಾದ ಹೆಸರಿದ್ದರೂ ಪುಟಕ್ಕೊಂದು ಸ್ಪೆಲ್ಲಿಂಗ್. ಹುಟ್ಟಿದ ವರ್ಷ ಎಷ್ಟೋ ಕಡೆ ಅಂದಾಜಿನದು. ಹೆಸರು ಹಿಡಿದು ಹೋದರೆ ಸಿಗದವರು ಊರು, ಮಿಷನ್, ಕೆಲಸಕ್ಕಿಟ್ಟುಕೊಂಡ ಮನೆಯ ಹೆಸರು ಹಿಡಿದು ಹೋದರೆ ಸಿಗುತ್ತಾರೆ. ನ್ಯೂ ಸೌತ್ ವೇಲ್ಸ್‌ನಲ್ಲಿ 1916ರಿಂದ 1928ರವರೆಗಿನ ರಿಜಿಸ್ಟರುಗಳಿವೆ, ಸುಮಾರು 800 ಮಕ್ಕಳದು. ಮಗುವನ್ನು ವಶಕ್ಕೆ ತೆಗೆದುಕೊಂಡದ್ದು ಯಾಕೆ ಅನ್ನುವುದಕ್ಕೇ ಒಂದು ಕಾಲಂ. ಮೂಲನಿವಾಸಿ ಆಗಿದ್ದಕ್ಕೆ ಅಂತಲೇ ಅಲ್ಲಿ ಬರೆದದ್ದುಂಟು! ಹುಡುಗಿಯರು ಕೂಟಮಂಡ್ರಾದ ಟ್ರೈನಿಂಗ್ ಹೋಮಿಗೆ, ಅಲ್ಲಿಂದ ಬಿಳಿಯರ ಮನೆಗೆಲಸಕ್ಕೆ. ಅವರ ಸಂಬಳದ ಬಹುಪಾಲು ಆ ರಾಜ್ಯದ ರಕ್ಷಣಾ ಮಂಡಳಿಯ ಕೈಗೆ. ಕಿಂಚೆಲಾ ಹೋಮಿನ ಹುಡುಗರನ್ನು ನಂಬರ್ ಹಿಡಿದು ಕರೆಯುತ್ತಿದ್ದರು.

1997ರಲ್ಲಿ ಆಸ್ಟ್ರೇಲಿಯಾದ ಮಾನವ ಹಕ್ಕು ಆಯೋಗ ಈ ಮಕ್ಕಳ ಬಗ್ಗೆ ವರದಿ ಕೊಟ್ಟಾಗ ಈ ಕಡತಗಳನ್ನು ನಾಶ ಮಾಡಬಾರದು, ಕುಟುಂಬದವರಿಗೆ ತೋರಿಸಬೇಕು ಅಂತ ಶಿಫಾರಸು ಮಾಡಿತು. ಆಮೇಲೆ ರಾಷ್ಟ್ರೀಯ ಪತ್ರಾಗಾರ ಹೆಸರುಗಳ ಸೂಚಿಯನ್ನೂ ಮಾಡಿತು. ಆದರೂ ತನ್ನದೇ ಕಡತ ಕೇಳಿದ ಮುದುಕಿಗೆ, ಬೇರೆಯವರ ಖಾಸಗಿ ವಿವರ ಅಂತ ಕಪ್ಪು ಮಸಿ ಬಳಿದ ಪುಟ ಸಿಗುವುದುಂಟು. ಆ ಬೇರೆಯವರು ಅವಳ ಒಡಹುಟ್ಟಿದ ತಂಗಿಯೂ ಆಗಿರಬಹುದು. ನಮ್ಮಂಥ ಹೊರಗಿನವರಿಗೆ ಎಲ್ಲವನ್ನೂ ತೆರೆದಿಡುವುದಿಲ್ಲ, ಅದು ಸರಿಯೇ. ತೀರಿಕೊಂಡವರ ಹೆಸರು, ಫೋಟೊ ಬಳಸುವಾಗಲೂ ಅಲ್ಲಿ ಮೊದಲೇ ಎಚ್ಚರಿಕೆ ಕೊಡುತ್ತಾರೆ. ನಾನಿಲ್ಲಿ ಬರೆದ ಹೆಸರುಗಳು ತೀರ್ಪುಗಳಲ್ಲೇ ಇರುವಂಥವು. ನಿಮ್ಮ ಲೇಖನದ ಜೊತೆ ಬಂದ ಫೋಟೊದಲ್ಲಿ ಮಕ್ಕಳ ಹೆಸರೂ ಇರಲಿಲ್ಲ, ಊರೂ ಇರಲಿಲ್ಲ.

ಇದೆಲ್ಲ ದೂರದ ದೇಶದ್ದು ಅಂತ ಅನಿಸಿದರೆ, ಕೆಲವು ಸಮುದಾಯಗಳಿಗೇ ಅಪರಾಧಿಗಳು ಅಂತ ಹಣೆಪಟ್ಟಿ ಕಟ್ಟಿದ ಬ್ರಿಟಿಷರ 1911ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಒಮ್ಮೆ ತೆಗೆದು ನೋಡಿ. ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಶಾಲೆಗೆ ಹಾಕುವ ಅಧಿಕಾರ ಅದರಲ್ಲೂ ಇತ್ತು. ಹುಬ್ಬಳ್ಳಿಯ ‘ಸೆಟ್ಲಮೆಂಟ್’ಗೆ ಆ ಹೆಸರು ಬಂದದ್ದೂ ಆ ಕಾಯ್ದೆಯಡಿ ಜನರನ್ನು ಅಲ್ಲಿ ಕೂಡಿಹಾಕಿದ್ದರಿಂದಲೇ. ಅಲ್ಲಿದ್ದ ತಾಯಂದಿರ ಅರ್ಜಿಗಳನ್ನು ಯಾರಾದರೂ ಹುಡುಕಿದ್ದರೆ ಅದರ ಬಗ್ಗೆಯೂ ಬರೆಸಿ, ಓದಲು ನಾನಂತೂ ಕಾಯುತ್ತಿರುತ್ತೇನೆ.

ನನ್ನ ಬೇಡಿಕೆ ಸಣ್ಣದು. ಒಂದು ತಿದ್ದುಪಡಿ ಹಾಕಿ. ‘ತಾಯಂದಿರು ಒಪ್ಪಿದ್ದರು’ ಅನ್ನುವ ಕಡೆ ‘ಒಪ್ಪಿದ್ದರು ಎಂದು ಅಧಿಕಾರಿಗಳು ಬರೆದುಕೊಂಡಿದ್ದರು’ ಅಂತ ಮಾಡಿ. ಮೂರ್ನಾಲ್ಕು ಪದ ಜಾಸ್ತಿ ಆಗುತ್ತದೆ, ಜಾಗ ಇಲ್ಲ ಅನ್ನಬೇಡಿ.

ಇಂತಿ,
ನಿಮ್ಮ ಹಳೆಯ ಓದುಗ,
ನಿವೃತ್ತ ಪ್ರಥಮ ದರ್ಜೆ ಸಹಾಯಕ, ತಿಪಟೂರು