ಎಮ್ಮೆ ಬೇಟೆಗೆ ಯಾವ ಕ್ಯಾಲಿಬರ್? ಗುಂಪಿನ ಎಲ್ಲರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ಕೆಲಸಕ್ಕಿರುವ ನಮ್ಮ ಶಿರಾದ ಹುಡುಗ, ಎಮ್ಮೆ ಬೇಟೆಗೆ ಯಾವ ಕ್ಯಾಲಿಬರಿನ (ಅಂದರೆ ಗುಂಡಿನ ಅಡ್ಡಳತೆಯ) ಕೋವಿ ಬೇಕು ಅಂತ ಕೇಳಿದ ಪ್ರಶ್ನೆಗೆ ಸುಮ್ನೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದೀರಿ.

ಅಲ್ಲಿ ಕಾಡು ಸೇರಿದ ಎಮ್ಮೆಗಳು 1820ರಿಂದ 1840ರ ದಶಕದವರೆಗೆ ಹಡಗಿನಲ್ಲಿ ತಂದವುಗಳ ಸಂತತಿ. ಬಲಿತ ಕೋಣ ಒಂದು ಟನ್ ಹತ್ತಿರ ತೂಗಬಹುದು. ಚರ್ಮ ದಪ್ಪ, ಭುಜದ ಮೂಳೆ ಗಟ್ಟಿ. ಹೆಲಿಕಾಪ್ಟರಿನಿಂದ ಹೊಡೆಯುವ ಪಳಗಿದ ಶೂಟರ್‌ಗಳು .308 (0.308 ಇಂಚು ಗುಂಡಿನ ಕೋವಿ) ಬಳಸುತ್ತಾರೆ, ನಿಜ. ಆದರೆ ನೆಲದ ಮೇಲೆ ನಿಂತವನಿಗೆ ನಾನು ಹೇಳುವುದು .375 ಹೆಚ್ ಅಂಡ್ ಹೆಚ್ (ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯದು). 1912ರಿಂದ ಇದೆ. ಅದರ 300 ಗ್ರೇನ್ (ಗುಂಡು ತೂಗುವ ಅಳತೆ) ಗುಂಡು ಸುಮಾರು 19 ಗ್ರಾಂ. .308ರ 150 ಗ್ರೇನ್ ಗುಂಡಿನ ಎರಡರಷ್ಟು!

ಕ್ಯಾಲಿಬರ್‌ಗಿಂತ ಗುಂಡಿನ ಜಾತಿ ಮುಖ್ಯ. ಜಿಂಕೆಗೆ ಬಳಸುವ ಮೆತ್ತನೆಯ ಗುಂಡು ಮೂಳೆಗೆ ತಾಗಿ ಅಲ್ಲೇ ಒಡೆದುಹೋದರೆ ಪ್ರಾಣಿ ನರಳುತ್ತದೆ, ಗಾಯಗೊಂಡ ಕೋಣ ಮೇಲೇರಿ ಬರುತ್ತದೆ. ಒಡೆಯದೆ ಆಳಕ್ಕೆ ಇಳಿಯುವ ಗುಂಡೇ ಬೇಕು. ಇನ್ನು .375 ಭುಜಕ್ಕೆ ಜೋರಾಗಿ ಒದೆಯುತ್ತದೆ. ಟ್ರಿಗರ್ ಎಳೆಯುವಾಗ ಕಣ್ಣು ಮುಚ್ಚಿದರೆ ಗುರಿ ತಪ್ಪಿತು ಅಂತಲೇ ಲೆಕ್ಕ. ರೇಂಜಿನಲ್ಲಿ ಅಭ್ಯಾಸ ಮಾಡದೆ ಕಾಡಿಗೆ ಹೋಗಬೇಡಪ್ಪಾ.

ಇದೆಲ್ಲ ಅಲ್ಲಿಯ ಮಾತು. ಪಾವಗಡ, ಮಧುಗಿರಿ ಕಡೆ ಶೇಂಗಾ ಹೊಲಕ್ಕೆ ನುಗ್ಗುವ ಹಂದಿಗೆ ಇದನ್ನು ಅನ್ವಯಿಸಬೇಡಿ. ರೈತರ ನೋವು ನನಗೂ ಗೊತ್ತು. ಆದರೂ 1972ರ ವನ್ಯಜೀವಿ ಕಾಯ್ದೆ ಇದೆ, ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ಕೋವಿ ಲೈಸೆನ್ಸ್ ಇದ್ದ ಮಾತ್ರಕ್ಕೆ ಆಗುವುದಿಲ್ಲ. ಬೆಳೆ ಹಾಳಾದರೆ ಕೂಡಲೇ ಫೋಟೊ ತೆಗೆದು, ಪಹಣಿ ಜೊತೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ಅರ್ಜಿ ಬರೆಯಲು ನೆರವು ಬೇಕಿದ್ದವರು ಇಲ್ಲೇ ತಿಳಿಸಿ.